ಒತ್ತಿದ್ದು ‘ಕ’, ಸಿಕ್ಕಿದ್ದು ‘ಅನ್‌ಡಿಫೈನ್ಡ್‌ಕ’

ಪಟ್ಟಂದೂರು ಅಗ್ರಹಾರದಲ್ಲಿ ಮೆಟ್ರೊ ನಿಂತರೆ ಅರ್ಧ ಬೋಗಿ ಒಟ್ಟಿಗೆ ಎದ್ದು ನಿಲ್ಲುತ್ತದೆ. ನೀವೂ ಏಳುತ್ತೀರಿ. ಏಳದಿದ್ದರೂ ಹಿಂದಿನವರ ಲ್ಯಾಪ್‌ಟಾಪ್ ಬ್ಯಾಗು ನಿಮ್ಮನ್ನು ಬಾಗಿಲ ತನಕ ತಳ್ಳಿಕೊಂಡು ಬರುತ್ತದೆ. 2023ರ ಮಾರ್ಚ್ 25ರಂದು ಕಾಡುಗೋಡಿ ಕಡೆಯಿಂದ ಕೆ.ಆರ್.ಪುರದವರೆಗಿನ ಮಾರ್ಗ ಉದ್ಘಾಟನೆಯಾಯಿತು. ಬೈಯಪ್ಪನಹಳ್ಳಿಗೂ ಕೆ.ಆರ್.ಪುರಕ್ಕೂ ನಡುವೆ ಉಳಿದಿದ್ದ ತುಂಡು ಅದೇ ವರ್ಷ ಅಕ್ಟೋಬರ್ 9ಕ್ಕೆ ಕೂಡಿಕೊಂಡಿತು. ಅದಕ್ಕೆ ಮೊದಲು ಇಲ್ಲಿಗೆ ಬರಬೇಕೆಂದರೆ ಮೆಜೆಸ್ಟಿಕ್‌ನಲ್ಲಿ 335ಇ ಹತ್ತಿ, ಮಾರತ್‌ಹಳ್ಳಿಯಲ್ಲಿ ಒಂದು ನಿದ್ದೆ ಮುಗಿಸಿ, ಕುಂದಲಹಳ್ಳಿಯಲ್ಲಿ ಇನ್ನೊಂದಕ್ಕೆ ಕಣ್ಣು ಮುಚ್ಚಬೇಕಿತ್ತು.

ಮೆಟ್ಟಿಲಿಳಿದು ಜನರ ಹಿಂದೆಯೇ ನಡೆಯಿರಿ. ಐಟಿಪಿಎಲ್ ಕಾಂಪೌಂಡು ಇಲ್ಲೇ ಇದೆ. ಟಾಟಾ, ಸಿಂಗಪುರದ ಕಂಪನಿಗಳು, ರಾಜ್ಯ ಸರ್ಕಾರ ಮೂರೂ ಸೇರಿ 1994ರಲ್ಲಿ ಶುರು ಮಾಡಿದ ಜಾಗ ಇದು. ಕಟ್ಟಡಗಳಿಗೆ ಡಿಸ್ಕವರರ್, ಇನ್ನೊವೇಟರ್, ಕ್ರಿಯೇಟರ್, ವಾಯೇಜರ್ ಅಂತೆಲ್ಲ ಹೆಸರು. ಎಕ್ಸ್‌ಪ್ಲೋರರ್ ಅನ್ನುವುದೂ ಇದೆ, ನ್ಯಾವಿಗೇಟರ್ ಅನ್ನುವುದೂ ಇದೆ. ಈ ಎರಡು ಹೆಸರು ನೆನಪಿರಲಿ, ಆಮೇಲೆ ಬೇಕಾಗುತ್ತವೆ.

ನಾವು ಹೋಗಬೇಕಾದ ಕಚೇರಿ ಕಾಂಪೌಂಡಿನಾಚೆ, ಅಡ್ಡರಸ್ತೆಯ ಒಂದು ಕಟ್ಟಡದಲ್ಲಿ. ಗೇಟಿನ ಸೆಕ್ಯುರಿಟಿ ಕ್ಯಾಬಿನ್ನಿನಲ್ಲಿ ಒಂದು ಟ್ಯಾಬ್ ಇಟ್ಟಿದ್ದಾರೆ. ಒಳಗೆ ಹೋಗುವ ಯಾರೇ ಆಗಲಿ ಹೆಸರು, ಊರು, ಯಾರನ್ನು ನೋಡಬೇಕು ಎಂಬುದನ್ನು ಅದರಲ್ಲಿ ತುಂಬಬೇಕು. ನಿಮ್ಮ ಮುಂದೆ ನೀರಿನ ಕ್ಯಾನ್ ತಂದ ಟೆಂಪೊ ಡ್ರೈವರ್ ನಿಂತಿದ್ದಾನೆ. ಪರದೆಯಲ್ಲಿರುವುದು ಇಂಗ್ಲಿಷ್ ಕೀಲಿಮಣೆ ಮಾತ್ರ. ಆತ ಗಾರ್ಡ್ ಮುಖ ನೋಡುತ್ತಾನೆ. ಗಾರ್ಡ್ ಒಂದು ಬೆರಳಲ್ಲಿ ಆತನ ಹೆಸರನ್ನು ತನಗೆ ತೋಚಿದ ಸ್ಪೆಲಿಂಗಿನಲ್ಲಿ ಒತ್ತುತ್ತಾನೆ. ನಿನ್ನೆಯ ಸ್ಪೆಲಿಂಗೇ ಬೇರೆ ಇತ್ತು. ಹೀಗಾಗಿ ದಾಖಲೆಯಲ್ಲಿ ಒಬ್ಬನೇ ಮನುಷ್ಯ ಮೂರು ಜನ ಆಗಿದ್ದಾನೆ.

ಇದನ್ನು ಸರಿಮಾಡುವ ಕೆಲಸ ನಾಲ್ಕನೇ ಮಹಡಿಯಲ್ಲಿ ನಡೆದಿದೆ. ಬನ್ನಿ.

ಕಿಟಕಿಯ ಪಕ್ಕದ ಸೀಟಿನಲ್ಲಿ ಹಾವೇರಿ ಕಡೆಯ ಹುಡುಗಿ ಕೂತಿದ್ದಾಳೆ, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಆ ಟ್ಯಾಬ್‌ಗೆ ಕನ್ನಡ ಕೀಲಿಮಣೆಯೊಂದನ್ನು ಮಾಡುವುದು ಅವಳ ಪಾಲಿಗೆ ಬಂದಿದೆ. ಪರದೆಯ ಮೇಲೆ ವರ್ಣಮಾಲೆ ಗುಂಡಿಗಳಾಗಿ ಸಾಲುಗಟ್ಟಿದೆ: ಸ್ವರ ಹದಿಮೂರು, ಯೋಗವಾಹ ಎರಡು, ವ್ಯಂಜನ ಮೂವತ್ನಾಲ್ಕು, ಕೆಳಗೆ ಕಾಗುಣಿತದ ಚಿಹ್ನೆಗಳು. ಜಾಗ ಉಳಿಸಲು ಮಹಾಪ್ರಾಣಗಳನ್ನು ಅಲ್ಪಪ್ರಾಣದ ಗುಂಡಿಯೊಳಗೇ ಮೂಲೆಯಲ್ಲಿ ಚಿಕ್ಕದಾಗಿ ಕೂರಿಸಿದ್ದಾಳೆ. ‘ಕ’ ಮುಟ್ಟಿದರೆ ‘ಕ’, ಒತ್ತಿ ಹಿಡಿದರೆ ‘ಖ’. ನೋಡಲು ಚೆನ್ನಾಗಿದೆ.

ಅವಳು ‘ಕ’ ಒತ್ತುತ್ತಾಳೆ. ಮೇಲಿನ ಪೆಟ್ಟಿಗೆ ಖಾಲಿ. ‘ನ’ ಒತ್ತುತ್ತಾಳೆ, ಆಗಲೂ ಖಾಲಿ.

“ಸರ್, ಇಲ್ನೋಡ್ರಿ. ಒತ್ತಿದ್ರ ಏನೂ ಬರವಲ್ದು.”

ಹಾಸನದ ಟೀಮ್ ಲೀಡ್ ಕುರ್ಚಿಯನ್ನು ಹಾಗೇ ಉರುಳಿಸಿಕೊಂಡು ಬರುತ್ತಾರೆ. “ಕನ್ಸೋಲ್ ತೆಗಿಯಮ್ಮ ಮೊದ್ಲು.”

ತೆಗೆಯುತ್ತಾಳೆ. ಕೆಂಪು ಸಾಲೊಂದು ಕಾಣುತ್ತದೆ: ‘ದಿಸ್.ತೋರಿಸು’ ಎಂಬುದು ಫಂಕ್ಷನ್ ಅಲ್ಲವಂತೆ. ಅವಳು ತನ್ನ ಕೋಡಿನಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದಾಳೆ. ಜಾವಾಸ್ಕ್ರಿಪ್ಟಿನ ನಿಯಮ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಯುನಿಕೋಡಿನ ಅಕ್ಷರ ಯಾವುದಾದರೂ ಸರಿ, ಹಲಂತ, ಕಾಗುಣಿತ ಎಲ್ಲವೂ ನಡೆಯುತ್ತವೆ. ಅಡ್ಡಿ ಮಾಡುವುದು ಕೋಡ್ ರಿವ್ಯೂ, ಅದು ಸಂಜೆಗೆ ಇದೆ.

“ತೋರಿಸು ಅಂತ ಫಂಕ್ಷನ್ ಐತ್ರಿ ಸರ್. ಇಲ್ಲೇ ಕೆಳಗ, ಇದ ಕ್ಲಾಸಿನ್ಯಾಗ.”

ಹೆಗಲ ಮೇಲಿಂದ ಬಗ್ಗಿ ನೋಡಿ. ಇದೆ. ‘ಕೀಲಿಮಣೆ’ ಎಂಬ ಕ್ಲಾಸು. ಟೈಪ್ ಆದ ಪಠ್ಯ ಇಟ್ಟುಕೊಳ್ಳಲು ‘ಸಾಲು’ ಎಂಬ ಜಾಗ, ಶುರುವಿನಲ್ಲಿ ಖಾಲಿ. ‘ಒತ್ತಿದಾಗ’ ಎಂಬ ಹ್ಯಾಂಡ್ಲರ್; ಅದರಲ್ಲಿ ಎರಡೇ ಕೆಲಸ, ದಿಸ್.ಸಾಲು ಎಂಬುದಕ್ಕೆ ಅಕ್ಷರ ಸೇರಿಸು, ದಿಸ್.ತೋರಿಸು ಎಂದು ಕರೆ. ಪ್ರತಿ ಗುಂಡಿಗೂ ಆ್ಯಡ್‌ಈವೆಂಟ್‌ಲಿಸನರ್ ಹಚ್ಚಿ ‘ಕ್ಲಿಕ್ ಆದರೆ ದಿಸ್.ಒತ್ತಿದಾಗ’ ಎಂದು ಒಪ್ಪಿಸಿದ್ದಾಳೆ. ಓದುವವರ ಕಣ್ಣಿಗೆ ಎಲ್ಲೂ ತಪ್ಪಿಲ್ಲ.

ಲೀಡ್ ಮಾತಾಡುವುದಿಲ್ಲ. ಹ್ಯಾಂಡ್ಲರಿನ ತಲೆಯ ಮೇಲೆ ಒಂದು ಸಾಲು ಸೇರಿಸುತ್ತಾರೆ: ದಿಸ್ ಅನ್ನು ಕನ್ಸೋಲಿನಲ್ಲಿ ಬಿಡಿಸಿ ತೋರಿಸು. ಪುಟ ರಿಫ್ರೆಶ್. “ಈಗ ‘ಕ’ನ ಎರಡು ಸಲ ಒತ್ತು.”

ಕನ್ಸೋಲಿನಲ್ಲಿ ಬಂದು ಕೂತದ್ದು ಕೀಲಿಮಣೆಯಲ್ಲ, ‘ಕ’ ಗುಂಡಿ. ಆ ಗುಂಡಿಯ ಗುಣಲಕ್ಷಣಗಳ ಉದ್ದನೆಯ ಪಟ್ಟಿಯನ್ನು ಅವರು ಇಳಿಸುತ್ತ ಹೋಗುತ್ತಾರೆ. ಅಗಲ, ಎತ್ತರ, ಬಣ್ಣ, ಬ್ರೌಸರ್ ತಾನೇ ಕೊಟ್ಟ ನೂರೆಂಟು ಸಂಗತಿಗಳ ನಡುವೆ ಕನ್ನಡದಲ್ಲಿ ಒಂದು ಹೆಸರು: ‘ಸಾಲು’. ಅದರ ಬೆಲೆ ‘ಅನ್‌ಡಿಫೈನ್ಡ್‌ಕಕ’.

“ಅಯ್ಯ! ಇದೇನ್ರಿ ಇದು?”

ಆದದ್ದು ಇಷ್ಟು. ದಿಸ್ ಅಂದರೆ ಫಂಕ್ಷನ್ನನ್ನು ಯಾರ ಹೆಸರಲ್ಲಿ ಕರೆದರೋ ಅದು; ಈ ಹ್ಯಾಂಡ್ಲರ್ ಓಡುವಾಗ ಅದು ಗುಂಡಿ. ಗುಂಡಿಗೆ ‘ಸಾಲು’ ಎಂಬುದೇ ಇಲ್ಲ, ಇಲ್ಲದ್ದಕ್ಕೆ ಜಾವಾಸ್ಕ್ರಿಪ್ಟ್ ಕೊಡುವ ಬೆಲೆ ಅನ್‌ಡಿಫೈನ್ಡ್. ಅದಕ್ಕೆ ‘ಕ’ ಕೂಡಿಸು ಎಂದಾಗ ಅದು ಎರಡನ್ನೂ ಅಕ್ಷರಗಳ ಸಾಲು ಮಾಡಿ ಅಂಟಿಸಿ, ಹಾಗೆ ಹುಟ್ಟಿದ್ದನ್ನು ಗುಂಡಿಗೇ ಹೊಸ ಗುಣವಾಗಿ ಕಟ್ಟಿತು. ಅಲ್ಲಿಯವರೆಗೆ ಒಂದು ಚಕಾರವೂ ಇಲ್ಲ. ಮುಂದಿನ ಸಾಲಿನಲ್ಲಿ ಗುಂಡಿಗೆ ‘ತೋರಿಸು’ ಗೊತ್ತಿಲ್ಲದ್ದರಿಂದ ಮಾತ್ರ ಕೂಗಿಕೊಂಡಿತು. ಹುಡುಗಿ ಉಳಿದ ಗುಂಡಿಗಳನ್ನೂ ಒತ್ತಿ ನೋಡುತ್ತಾಳೆ. ‘ನ’ ಗುಂಡಿಯ ಹೊಟ್ಟೆಯಲ್ಲಿ ‘ಅನ್‌ಡಿಫೈನ್ಡ್‌ನ’, ‘ಡ’ ಗುಂಡಿಯಲ್ಲಿ ‘ಅನ್‌ಡಿಫೈನ್ಡ್‌ಡ’. ಎಲ್ಲಕ್ಕೂ ಒಂದೇ ಸಾಲು ಇರಬೇಕಿದ್ದ ಕಡೆ ಗುಂಡಿಗೊಂದು ಸಾಲು ಹುಟ್ಟಿಕೊಂಡಿದೆ.

“ನಾ ಕೀಲಿಮಣೆದ ಫಂಕ್ಷನ್ ಕೊಟ್ಟಿದ್ದೆಲ್ರಿ. ದಿಸ್ ಡಾಟ್ ಒತ್ತಿದಾಗ ಅಂತ ಬರದೀನಿ.”

“ಬರ್ದಿದ್ದೀಯ. ಆದ್ರೆ ಆ ಚುಕ್ಕಿ ಕೆಲಸ ಮಾಡಿದ್ದು ಫಂಕ್ಷನ್ ಹುಡುಕಿ ತೆಗೆಯೋಕೆ ಅಷ್ಟೇ. ತೆಗೆದು ಕೈಗೆ ಕೊಟ್ಟ ಮೇಲೆ ಎಲ್ಲಿಂದ ತಂದೆ ಅನ್ನೋದು ಅದರ ಜೊತೆ ಹೋಗಲ್ಲ.” ಅವರು ಕಿಟಕಿಯ ಕೆಳಗೆ ಸಾಲಾಗಿ ನಿಂತ ಬಿಳಿ ಕಾರುಗಳ ಕಡೆ ಗಲ್ಲ ಎತ್ತುತ್ತಾರೆ. “ಅಲ್ಲಿ ಕ್ಯಾಬ್ ಡ್ರೈವರ್ ನೋಡು. ಬೆಳಿಗ್ಗೆ ನಮ್ಮ ಕಂಪನಿ ಡ್ಯೂಟಿ, ರಾತ್ರಿ ಪಕ್ಕದ ಕಂಪನೀದು. ‘ನಮ್ ಕಂಪ್ನಿ’ ಅಂತ ಅವನು ಅಂದ್ರೆ ಯಾವುದು? ಆ ಹೊತ್ತಿಗೆ ಯಾರು ಕರೆದಿದ್ದಾರೋ ಅದು. ಕಾರು ಯಾವ ಊರಲ್ಲಿ ರಿಜಿಸ್ಟರ್ ಆಗಿದೆ ಅಂತ ನೋಡಿದ್ರೆ ಉತ್ತರ ಸಿಗಲ್ಲ.”

ಅವಳಿಗೆ ನಂಬಿಕೆ ಬಂದಿಲ್ಲ. ಕನ್ಸೋಲಿನಲ್ಲಿ ತಾನೇ ಪರೀಕ್ಷೆ ಮಾಡುತ್ತಾಳೆ. ಇದು ಒಳ್ಳೆಯ ಲಕ್ಷಣ. ಕೀಲಿಮಣೆ, ಚುಕ್ಕಿ, ಒತ್ತಿದಾಗ ಎಂದು ನೇರವಾಗಿ ಕರೆದರೆ ದಿಸ್ ಎಂಬುದು ಕೀಲಿಮಣೆ. ಅದೇ ಫಂಕ್ಷನ್ನನ್ನು ಬೇರೆ ಹೆಸರಿಗೆ ಹಾಕಿಕೊಂಡು, ಚುಕ್ಕಿ ಇಲ್ಲದೆ ಬರಿದೇ ಕರೆದರೆ ಅನ್‌ಡಿಫೈನ್ಡ್. ಕ್ಲಾಸಿನೊಳಗಿನ ಕೋಡು ಯಾವಾಗಲೂ ಸ್ಟ್ರಿಕ್ಟ್ ಮೋಡ್‌ನಲ್ಲಿ ಓಡುವುದರಿಂದ ಹೀಗೆ. ಗುಂಡಿಗೆ ಹಚ್ಚಿದರೆ ಗುಂಡಿ. ಇನ್ನು ಸೆಟ್‌ಟೈಮೌಟ್‌ಗೆ ಕೊಟ್ಟರೆ? ಅಲ್ಲಿ ದಿಸ್ ಆಗಿ ಬರುವುದು ವಿಂಡೊ. ಸ್ಟ್ರಿಕ್ಟ್ ಮೋಡ್ ಇದ್ದರೂ ವಿಂಡೊವೇ, ಯಾಕೆಂದರೆ ಗಡಿಯಾರದ ಹ್ಯಾಂಡ್ಲರನ್ನು ಕರೆಯುವಾಗ ಬ್ರೌಸರ್ ಅದನ್ನು ಕೈಯಾರೆ ಕೊಟ್ಟು ಕರೆಯುತ್ತದೆ. ಫಂಕ್ಷನ್ ಒಂದೇ, ಒಳಗಿನ ಅಕ್ಷರ ಒಂದೂ ಬದಲಾಗಿಲ್ಲ.

ಈ ಕೊನೆಯದರಿಂದ ಅವಳ ಮಹಾಪ್ರಾಣಕ್ಕೂ ಪೆಟ್ಟು ಬಿದ್ದಿದೆ. ಒತ್ತಿ ಹಿಡಿದು ಅರ್ಧ ಸೆಕೆಂಡಾದರೆ ‘ಖ’ ಬರಲಿ ಎಂದು ಸೆಟ್‌ಟೈಮೌಟ್‌ಗೆ ದಿಸ್.ಮಹಾಪ್ರಾಣ ಎಂದು ಕೊಟ್ಟಿದ್ದಳು. ಕನ್ಸೋಲಿನಲ್ಲಿ ವಿಂಡೊ, ಚುಕ್ಕಿ, ಸಾಲು ಎಂದು ಬೆರಳಚ್ಚಿಸಿದರೆ ‘ಅನ್‌ಡಿಫೈನ್ಡ್‌ಖ’ ಅಲ್ಲಿ ಆರಾಮಾಗಿ ಕೂತಿದೆ. ಇಡೀ ಪುಟಕ್ಕೆ ಸೇರಿದ ಗ್ಲೋಬಲ್ ಆಗಿ.

ಹನ್ನೊಂದೂವರೆ. ಚಹಾ ಬರುತ್ತದೆ, ಪೇಪರ್ ಕಪ್ಪಿನಲ್ಲಿ. ನಿಮಗೂ ಒಂದು.

ಅವಳು ಮದ್ದು ಹುಡುಕುತ್ತಾಳೆ. ಎಲ್ಲರೂ ಮೊದಲು ತಲುಪುವುದು ಬೈಂಡ್‌ಗೆ. ಯಾವುದೇ ಫಂಕ್ಷನ್ನಿಗೆ ‘ನಿನ್ನ ದಿಸ್ ಇದು’ ಎಂದು ಖಾಯಂ ಕಟ್ಟಿಹಾಕಿ, ಹಾಗೆ ಕಟ್ಟಿದ ಹೊಸ ಫಂಕ್ಷನ್ನನ್ನು ವಾಪಸ್ ಕೊಡುವುದು ಅದರ ಕೆಲಸ. ಜಾವಾಸ್ಕ್ರಿಪ್ಟಿನ ಮಾನದಂಡದ ಹೆಸರು ಇಸಿಎಂಎಸ್ಕ್ರಿಪ್ಟ್; 2009ರ ಡಿಸೆಂಬರಿನಲ್ಲಿ ಬಂದ ಅದರ 5ನೇ ಆವೃತ್ತಿಯಿಂದ ಬೈಂಡ್ ಭಾಷೆಯ ಭಾಗ. ಹಚ್ಚುವ ಸಾಲಿನಲ್ಲಿ ದಿಸ್.ಒತ್ತಿದಾಗ ಎಂಬುದರ ಪಕ್ಕದಲ್ಲೇ ಬೈಂಡ್ ಸೇರಿಸುತ್ತಾಳೆ. ಕ, ನ, ಹಲಂತ, ನ, ಡ. ಪೆಟ್ಟಿಗೆಯಲ್ಲಿ ‘ಕನ್ನಡ’ ಮೂಡುತ್ತದೆ. ಕುರ್ಚಿಯಲ್ಲಿ ಹಿಂದಕ್ಕೆ ಒರಗುತ್ತಾಳೆ.

ಲೀಡ್ ಹೊರಟಿಲ್ಲ. “ಮುಚ್ಚಿ ಮತ್ತೆ ತೆಗಿ ನೋಡೋಣ.”

ಕೀಲಿಮಣೆ ಮುಚ್ಚುತ್ತಾಳೆ, ತೆರೆಯುತ್ತಾಳೆ. ‘ಕ’ ಒತ್ತಿದರೆ ‘ಕಕ’. ಇನ್ನೊಮ್ಮೆ ಮುಚ್ಚಿ ತೆರೆದರೆ ‘ಕಕಕ’.

ಈ ಭಾಗ ಅವಸರದಲ್ಲಿ ಓದಬೇಡಿ. ನನ್ನ ಲೆಕ್ಕದಲ್ಲಿ ದಿಸ್ ತಪ್ಪುವುದಕ್ಕಿಂತ ದೊಡ್ಡ ಕಾಟ ಇದು. ಮುಚ್ಚಿದಾಗ ಗುಂಡಿಗಳು ಅಳಿಯುವುದಿಲ್ಲ, ಮರೆಯಾಗುತ್ತವೆ ಅಷ್ಟೆ. ತೆರೆದಾಗ ಹ್ಯಾಂಡ್ಲರ್ ಹಚ್ಚುವುದು, ಮುಚ್ಚಿದಾಗ ರಿಮೂವ್‌ಈವೆಂಟ್‌ಲಿಸನರ್‌ನಿಂದ ತೆಗೆಯುವುದು, ಹೀಗೆ ಅಚ್ಚುಕಟ್ಟಾಗಿಯೇ ಬರೆದಿದ್ದಳು. ತೆಗೆಯುವ ಸಾಲಿನಲ್ಲೂ ಮರೆಯದೆ ಬೈಂಡ್ ಸೇರಿಸಿದಳು. ಅಲ್ಲೇ ಕೆಟ್ಟದ್ದು. ಬೈಂಡ್ ಕರೆದಾಗಲೆಲ್ಲ ಹೊಸದೊಂದು ಫಂಕ್ಷನ್ ಹುಟ್ಟುತ್ತದೆ. ಹಚ್ಚಿದ್ದು ಒಂದು, ‘ಇದನ್ನು ತೆಗೆ’ ಎಂದು ತೋರಿಸಿದ್ದು ಆಗಷ್ಟೇ ಹುಟ್ಟಿದ ಇನ್ನೊಂದು. ಬ್ರೌಸರ್ ಹುಡುಕಿತು, ಅಂಥದ್ದು ಪಟ್ಟಿಯಲ್ಲಿ ಇರಲಿಲ್ಲ, ಸುಮ್ಮನಾಯಿತು. ಇಲ್ಲದ ಹ್ಯಾಂಡ್ಲರನ್ನು ತೆಗೆ ಎಂದರೆ ಅದು ತಪ್ಪಲ್ಲ, ಆದ್ದರಿಂದ ಕೆಂಪು ಸಾಲೂ ಬರುವುದಿಲ್ಲ. ಅದೇ ಫಂಕ್ಷನ್ನನ್ನೇ ಎರಡು ಸಲ ಹಚ್ಚಿದ್ದರೆ ಬ್ರೌಸರ್ ಎರಡನೆಯದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ; ಬೈಂಡ್ ಆ ರಕ್ಷಣೆಯನ್ನೂ ಕಿತ್ತುಹಾಕಿದೆ.

ಕ್ರೋಮ್ ಕನ್ಸೋಲಿನಲ್ಲಿ ಗೆಟ್‌ಈವೆಂಟ್‌ಲಿಸನರ್ಸ್ ಎಂಬ ಉಪಕರಣವಿದೆ. ಆವರಣದಲ್ಲಿ ಗುಂಡಿಯನ್ನು ಕೊಟ್ಟರೆ ಅದಕ್ಕೆ ಯಾರು ಯಾರು ಜೋತುಬಿದ್ದಿದ್ದಾರೆ ಎಂದು ಪಟ್ಟಿ ಕೊಡುತ್ತದೆ. ಲೀಡ್ ಅದನ್ನು ಕೊಡುತ್ತಾರೆ. ‘ಕ’ ಗುಂಡಿಗೆ ಕ್ಲಿಕ್ಕಿನ ಹ್ಯಾಂಡ್ಲರ್ ಮೂರು. ಗೇಟಿನ ಟ್ಯಾಬ್ ಬೆಳಿಗ್ಗೆ ಹಚ್ಚಿದರೆ ರಾತ್ರಿಯವರೆಗೆ ಪುಟ ರಿಫ್ರೆಶ್ ಆಗದೆ ನಿಂತಿರುತ್ತದೆ. ಟೆಂಪೊ ಡ್ರೈವರ್ ಮಧ್ಯಾಹ್ನ ಬಂದು ತನ್ನ ಹೆಸರು ಒತ್ತಿದರೆ ಏನು ಬರುತ್ತಿತ್ತು ಎಂದು ನೀವೇ ಊಹಿಸಿ.

“ಹಂಗಾರ ಬಾಣ ಹಾಕಲೇನ್ರಿ?” ಎನ್ನುತ್ತಾಳೆ. ಬಾಣ ಎಂದರೆ ಆ್ಯರೊ ಫಂಕ್ಷನ್. 2015ರ ಜೂನ್‌ನಲ್ಲಿ ಇಸಿಎಂಎಸ್ಕ್ರಿಪ್ಟ್‌ನ ಆರನೇ ಆವೃತ್ತಿಯೊಂದಿಗೆ ಬಂದದ್ದು. ಅದಕ್ಕೆ ಸ್ವಂತ ದಿಸ್ ಇಲ್ಲವೇ ಇಲ್ಲ; ಬರೆದ ಜಾಗದಲ್ಲಿ ಯಾವ ದಿಸ್ ಇತ್ತೋ ಅದೇ ಅದರದ್ದು, ಯಾರು ಕರೆದರೂ ಬದಲಾಗುವುದಿಲ್ಲ.

“ಹಾಕು. ಸೆಟ್‌ಟೈಮೌಟ್ ಒಳಗಡೆ ಅದೇ ಸರಿ. ಆದ್ರೆ ಹೊರಗಿನ ಫಂಕ್ಷನ್ನಿನ ದಿಸ್ ಸರಿ ಇದ್ರೆ ಮಾತ್ರ. ಹೊರಗಡೆ ಅದು ಗುಂಡಿ ಆಗಿದ್ರೆ ಬಾಣಾನೂ ಗುಂಡಿನೇ ಹೊತ್ಕೊಂಡು ಹೋಗುತ್ತೆ.”

ಆಯಿತು. ಮಹಾಪ್ರಾಣಕ್ಕೆ ಬಾಣ ಬೀಳುತ್ತದೆ. ‘ಒತ್ತಿದಾಗ’ ಎಂಬುದನ್ನೂ ಕ್ಲಾಸಿನೊಳಗೆ ಬಾಣವಾಗಿಯೇ ಬರೆದಿಡಬಹುದು. ಕ್ಲಾಸ್ ಫೀಲ್ಡ್ ಎಂಬ ಈ ಸೌಲಭ್ಯ 2022ರ ಆವೃತ್ತಿಯಿಂದ ಅಧಿಕೃತ. ಒಂದೇ ಸಲ ಹುಟ್ಟುವುದರಿಂದ ಹಚ್ಚಿದ್ದೂ ಅದೇ, ತೆಗೆದದ್ದೂ ಅದೇ. ಆದರೆ ಅದು ಪ್ರತಿ ಆಬ್ಜೆಕ್ಟಿಗೂ ಬೇರೆ ಬೇರೆಯಾಗಿ ಹುಟ್ಟುತ್ತದೆ, ಪ್ರೊಟೊಟೈಪಿನಲ್ಲಿ ಇರುವುದಿಲ್ಲ. ನಾಳೆ ಯಾರಾದರೂ ಈ ಕ್ಲಾಸಿನಿಂದ ತುಳು ಅಥವಾ ಕೊಂಕಣಿಗೆ ಕೀಲಿಮಣೆ ಮಾಡಹೊರಟು ಸೂಪರ್ ಚುಕ್ಕಿ ಒತ್ತಿದಾಗ ಎಂದು ಕರೆದರೆ ಅಲ್ಲಿ ಏನೂ ಸಿಗುವುದಿಲ್ಲ.

ಹಿಂದಿನ ಸಾಲಿನ ಸೀಟಿನವರೊಬ್ಬರು ಇಷ್ಟೂ ಹೊತ್ತು ಕಿವಿ ಇತ್ತ ಇಟ್ಟಿದ್ದವರು ಈಗ ತಿರುಗುತ್ತಾರೆ. ತಲೆ ಅರ್ಧ ನರೆತಿದೆ. “ನಿಮಗೆಲ್ಲ ಕ್ರೋಮ್ ಒಂದೇ ಗೊತ್ತು ಕಣ್ರಮ್ಮ. ನಮ್ ಕಾಲದಲ್ಲಿ ಎಕ್ಸ್‌ಪ್ಲೋರರ್‌ನಲ್ಲಿ ದಿಸ್ ಅಂದ್ರೆ ವಿಂಡೊ, ಬೇರೆ ಕಡೆ ಗುಂಡಿ. ಒಂದೇ ಕೋಡು!”

ಕಟ್ಟಡಗಳ ಹೆಸರು ನೆನಪಿಟ್ಟುಕೊಳ್ಳಿ ಎಂದಿದ್ದು ಇದಕ್ಕೆ. ನ್ಯಾವಿಗೇಟರ್ ಮಾಡಿದ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತು ದಿನದಲ್ಲಿ ಈ ಭಾಷೆಯ ಮೊದಲ ರೂಪ ಮಾಡಿ ಮುಗಿಸಿದರು. ಐಟಿಪಿಎಲ್‌ಗೂ ಜಾವಾಸ್ಕ್ರಿಪ್ಟಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಆ್ಯಡ್‌ಈವೆಂಟ್‌ಲಿಸನರ್ 2000ದ ನವೆಂಬರಿನಲ್ಲಿ ಡಬ್ಲ್ಯು3ಸಿಯ ಮಾನದಂಡವಾಯಿತು. ಮೈಕ್ರೊಸಾಫ್ಟ್‌ನ ಎಕ್ಸ್‌ಪ್ಲೋರರ್ ಮಾತ್ರ ತನ್ನದೇ ಅಟ್ಯಾಚ್‌ಈವೆಂಟ್ ಹಿಡಿದುಕೊಂಡು ವರ್ಷಗಟ್ಟಲೆ ಕೂತಿತು, ಅದರಲ್ಲಿ ದಿಸ್ ಆಗಿ ಬರುತ್ತಿದ್ದದ್ದು ವಿಂಡೊ. ಈ ಒಡಕು ಎಷ್ಟು ಕಾಡಿತೆಂದರೆ, ಡಚ್ ವೆಬ್ ತಜ್ಞ ಪೀಟರ್-ಪಾಲ್ ಕೋಕ್ 2005ರಲ್ಲಿ ಎರಡೂ ಬ್ರೌಸರಿನಲ್ಲಿ ದಿಸ್ ಅನ್ನು ಸರಿಯಾಗಿ ಉಳಿಸುವ ಹ್ಯಾಂಡ್ಲರ್ ಬರೆಯಿರಿ ಎಂದು ಸ್ಪರ್ಧೆಯನ್ನೇ ಇಟ್ಟರು. ಗೆದ್ದವರು ಜಾನ್ ರೆಸಿಗ್. ಮರುವರ್ಷ ಜೆಕ್ವೆರಿ ತಂದದ್ದೂ ಅವರೇ. ಅದೇ 2005ರಲ್ಲಿ ಸ್ಯಾಮ್ ಸ್ಟೀಫನ್ಸನ್ ಅವರ ಪ್ರೊಟೊಟೈಪ್ ಎಂಬ ಲೈಬ್ರರಿ ಬೈಂಡ್ ಅನ್ನು ಬಳಕೆಗೆ ತಂದಿತು. ಭಾಷೆ ಅದನ್ನು ತನ್ನದಾಗಿಸಿಕೊಂಡದ್ದು ಆಮೇಲೆ. ನರೆತಲೆಯವರು ಹೇಳುವುದು ಉತ್ಪ್ರೇಕ್ಷೆಯಲ್ಲ.

“ಸರ್, ಕನ್ನಡಕ್ಕ ಇದನ್ನ ಮೊದಲ ಯಾರರ ಮಾಡ್ಯಾರೇನ್ರಿ?”

ಮಾಡಿದ್ದಾರೆ, ಅದೂ ಬಯಲಲ್ಲೇ ಇದೆ. ಲೀಡ್ ಕನ್ನಡ ವಿಕಿಪೀಡಿಯ ತೆರೆದು ಹುಡುಕು ಪೆಟ್ಟಿಗೆಯಲ್ಲಿ ಕರ್ಸರ್ ಇಟ್ಟು ಕಂಟ್ರೋಲ್-ಎಂ ಒತ್ತುತ್ತಾರೆ. ಕೆ.ಪಿ.ರಾವ್ ವಿನ್ಯಾಸ ಆಯ್ಕೆಯಾಗಿದೆ. ಇಂಗ್ಲಿಷ್ ಕೀಲಿಗಳಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯು, ಪೆಟ್ಟಿಗೆಯಲ್ಲಿ ‘ಕನ್ನಡ’. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಇದು ಹೊಸದೇನಲ್ಲ. ಇದರ ಹಿಂದೆ ಇರುವುದು ಜೆಕ್ವೆರಿ.ಐಎಂಇ, ವಿಕಿಮೀಡಿಯದ ಭಾಷಾ ಎಂಜಿನಿಯರಿಂಗ್ ತಂಡ ಮಾಡಿದ ಮುಕ್ತ ತಂತ್ರಾಂಶ. ಕನ್ನಡಕ್ಕೆ ಅದರಲ್ಲಿ ಕೆಜಿಪಿ (ಕೆ.ಪಿ.ರಾವ್ ವಿನ್ಯಾಸವೇ ಇದು), ಇನ್‌ಸ್ಕ್ರಿಪ್ಟ್, ಲಿಪ್ಯಂತರಣ ಎಂದು ಬೇರೆ ಬೇರೆ ನಿಯಮಕಡತಗಳಿವೆ.

ಅದರ ಹಳೆಯ ಆವೃತ್ತಿಯೊಂದರ ಕೋಡು ಈಗ ಪರದೆಯ ಮೇಲಿದೆ. ಪ್ರತಿ ಬರೆಯುವ ಪೆಟ್ಟಿಗೆಗೂ ಒಂದು ಐಎಂಇ ಆಬ್ಜೆಕ್ಟ್. ಅದರೊಳಗೆ ‘ಆ್ಯಕ್ಟಿವ್’, ಅಂದರೆ ಕನ್ನಡ ಶುರುವಾಗಿದೆಯೋ ಇಲ್ಲವೋ. ‘ಇನ್‌ಪುಟ್‌ಮೆಥಡ್’, ಅಂದರೆ ಯಾವ ವಿನ್ಯಾಸ. ‘ಕಾಂಟೆಕ್ಸ್ಟ್’, ಅಂದರೆ ಈಗಷ್ಟೇ ಒತ್ತಿದ ಕೀಲಿಗಳ ನೆನಪು. ಈ ಮೂರೂ ದಿಸ್ ಮೂಲಕವೇ ಸಿಗಬೇಕು. ಕೀಲಿ ಒತ್ತಿದಾಗ ಓಡುವ ಹ್ಯಾಂಡ್ಲರನ್ನು ಹಚ್ಚುವ ಸಾಲು ನೋಡಿ: ಈ ಪ್ಲಗಿನ್ ಹುಟ್ಟಿದ ಕಾಲದ ರೂಢಿಯಂತೆ ಜೆಕ್ವೆರಿಯ ಪ್ರಾಕ್ಸಿ ಬಳಸಿ ‘ಕೀಪ್ರೆಸ್ ಎಂಬ ಫಂಕ್ಷನ್ನಿನ ದಿಸ್ ಈ ಆಬ್ಜೆಕ್ಟೇ’ ಎಂದು ಕಟ್ಟಿದ್ದಾರೆ. ಬೈಂಡ್ ಮಾಡುವ ಕೆಲಸವೇ ಅದು. 2018ರ ಜೆಕ್ವೆರಿ 3.3ರಿಂದ ಪ್ರಾಕ್ಸಿ ಬದಲು ಬೈಂಡನ್ನೇ ಬಳಸಿ ಎಂಬ ಸೂಚನೆ ಇದೆ.

“ಈಗ ಈ ಪ್ರಾಕ್ಸಿ ತೆಗೆದ್ರೆ ಏನಾಗುತ್ತೆ ಹೇಳು,” ಎನ್ನುತ್ತಾರೆ ಲೀಡ್.

ಹುಡುಗಿ ಕೀಪ್ರೆಸ್‌ನ ಮೊದಲ ಸಾಲು ಓದುತ್ತಾಳೆ. ದಿಸ್.ಆ್ಯಕ್ಟಿವ್ ಅಲ್ಲದಿದ್ದರೆ ಏನೂ ಮಾಡದೆ ಹಿಂದಿರುಗು. ಯೋಚಿಸುತ್ತಾಳೆ. ಜೆಕ್ವೆರಿಯಲ್ಲಿ ಕಟ್ಟದ ಹ್ಯಾಂಡ್ಲರಿಗೆ ದಿಸ್ ಅಂದರೆ ಪೆಟ್ಟಿಗೆ. ಪೆಟ್ಟಿಗೆಗೆ ‘ಆ್ಯಕ್ಟಿವ್’ ಎಂಬ ಗುಣ ಇಲ್ಲ, ಹಾಗಾಗಿ ಅನ್‌ಡಿಫೈನ್ಡ್, ಅಂದರೆ ಅಲ್ಲ ಎಂದೇ ಅರ್ಥ.

“ಏನೂ ಆಗಂಗಿಲ್ರಿ. ಎರರ್ ಸೈತ ಬರಂಗಿಲ್ಲ. ಕನ್ನಡ ಹಚ್ಚಿದ್ರೂ ಇಂಗ್ಲಿಷ್ ಅಕ್ಷರಾನ ಬೀಳ್ತಾವ.”

“ಹ್ಞಾಂ!”

ಇದನ್ನು ಕೇಳಿ ನಿಮಗೆ ಪಿಚ್ಚೆನಿಸಿದರೆ ಸರಿಯಾಗಿಯೇ ಅರ್ಥವಾಗಿದೆ. ಬಳಸುವವರಿಗೆ ಕಾಣುವುದು ಕೆಂಪು ಸಾಲಲ್ಲ, ‘ಇಲ್ಲಿ ಕನ್ನಡ ಬರಲ್ಲ’ ಎಂಬ ಅನುಭವ. ಅವರು ದೂರು ಕೊಡುವುದಿಲ್ಲ. ಕನ್ನಡ ಬಾರದ ಪೆಟ್ಟಿಗೆಗಳಿಗೆ ನಾವು ಒಗ್ಗಿಹೋಗಿದ್ದೇವೆ, ಇಂಗ್ಲಿಷಿನಲ್ಲಿ ಹೆಸರು ಒತ್ತಿ ಮುಂದೆ ಹೋಗುತ್ತೇವೆ. ದೂರು ಬಾರದ ದೋಷ ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕಾಗಿಯೇ ಪ್ರಾಕ್ಸಿಯ ಆ ಒಂದು ಸಾಲಿನ ಬಗ್ಗೆ ನನಗೆ ಗೌರವ.

ಊಟದ ಹೊತ್ತು ದಾಟಿದೆ. ಹುಡುಗಿ ಡಬ್ಬಿಯಲ್ಲಿ ತಂದ ರೊಟ್ಟಿ ಮುರಿಯುತ್ತ ಕೋಡನ್ನು ಮತ್ತೆ ಬಿಚ್ಚುತ್ತಾಳೆ. ಲೀಡ್ ಕೊನೆಯದಾಗಿ ಇನ್ನೊಂದು ದಾರಿ ತೋರಿಸುತ್ತಾರೆ, ಹೆಚ್ಚಿನವರು ಮರೆತಿರುವಂಥದ್ದು. ಆ್ಯಡ್‌ಈವೆಂಟ್‌ಲಿಸನರ್‌ಗೆ ಫಂಕ್ಷನ್ನನ್ನೇ ಕೊಡಬೇಕೆಂದಿಲ್ಲ. ‘ಹ್ಯಾಂಡಲ್‌ಈವೆಂಟ್’ ಎಂಬ ಹೆಸರಿನ ಮೆಥಡ್ ಇರುವ ಆಬ್ಜೆಕ್ಟನ್ನೇ ಕೊಡಬಹುದು. ಆಗ ಬ್ರೌಸರ್ ಆ ಆಬ್ಜೆಕ್ಟಿನ ಮೂಲಕವೇ ಮೆಥಡ್ ಕರೆಯುತ್ತದೆ, ದಿಸ್ ತಾನಾಗಿ ಆ ಆಬ್ಜೆಕ್ಟೇ ಆಗುತ್ತದೆ. ಬೈಂಡ್ ಬೇಡ, ಬಾಣ ಬೇಡ. ತೆಗೆಯುವಾಗಲೂ ಅದೇ ಆಬ್ಜೆಕ್ಟ್ ಕೊಟ್ಟರೆ ಸಾಕು. ಇದು ಹೊಸದಲ್ಲ, 2000ದ ಆ ಮಾನದಂಡದಲ್ಲೇ ಇದರ ಬೇರಿದೆ.

ಅವಳು ಇನ್ನೊಂದನ್ನೂ ಬದಲಿಸುತ್ತಾಳೆ: ಐವತ್ತು ಚಿಲ್ಲರೆ ಗುಂಡಿಗಳಿಗೆ ಒಂದೊಂದು ಹ್ಯಾಂಡ್ಲರ್ ಬದಲು, ಎಲ್ಲ ಗುಂಡಿಗಳನ್ನು ಹೊತ್ತ ಹೊರಚೌಕಟ್ಟಿಗೆ ಒಂದೇ. ಕ್ಲಿಕ್ಕು ಗುಂಡಿಯಿಂದ ಮೇಲಕ್ಕೇರಿ ಅಲ್ಲಿಗೆ ಬಂದೇ ಬರುತ್ತದೆ. ಒತ್ತುತ್ತಾಳೆ. ‘ಕ’ ಒತ್ತಿದರೆ ‘ಕ’. ಅದೇ ಗುಂಡಿಯ ಮೂಲೆಯಲ್ಲಿರುವ ಚಿಕ್ಕ ‘ಖ’ದ ಮೇಲೆ ಬೆರಳು ಬಿದ್ದರೆ, ಹಿಡಿಯದೆ ಬರೀ ಮುಟ್ಟಿದರೂ ‘ಖ’. ಕಾರಣ, ಈವೆಂಟಿನ ‘ಟಾರ್ಗೆಟ್’ ಎಂದರೆ ಬೆರಳು ಬಿದ್ದ ಅತಿ ಒಳಗಿನ ಚೂರು, ಇಲ್ಲಿ ಆ ಪುಟ್ಟ ಸ್ಪ್ಯಾನ್. ‘ಕರೆಂಟ್‌ಟಾರ್ಗೆಟ್’ ಎಂದರೆ ಹ್ಯಾಂಡ್ಲರ್ ಹಚ್ಚಿದ ಚೌಕಟ್ಟು. ಅವಳಿಗೆ ಬೇಕಾದ ಗುಂಡಿ ಎರಡರ ನಡುವೆ ಇದೆ. ಟಾರ್ಗೆಟ್‌ನಿಂದ ‘ಕ್ಲೋಸೆಸ್ಟ್’ ಬಳಸಿ ಮೇಲಕ್ಕೆ ಹತ್ತಿ ಮೊದಲು ಸಿಗುವ ಗುಂಡಿ ಹಿಡಿ, ಅದರ ಡೇಟಾದಲ್ಲಿ ಬರೆದಿಟ್ಟ ಅಕ್ಷರ ತೆಗೆ. ಮುಗಿಯಿತು.

ಹೀಗೆ ಮಾಡಿದ ಮೇಲೆ ಗಮನಿಸಿ, ಗುಂಡಿ ಯಾವುದು ಎಂದು ಕೇಳಲು ದಿಸ್ ಬೇಕೇ ಇಲ್ಲ, ಈವೆಂಟೇ ಹೇಳುತ್ತದೆ. ದಿಸ್ ಪೂರ್ತಿಯಾಗಿ ಕೀಲಿಮಣೆಗೆ ಬಿಟ್ಟುಕೊಡಬಹುದು. ಒಂದು ಎಚ್ಚರಿಕೆ: ಕರೆಂಟ್‌ಟಾರ್ಗೆಟ್ ಬದುಕಿರುವುದು ಈವೆಂಟ್ ಓಡುವಷ್ಟು ಹೊತ್ತು ಮಾತ್ರ. ನಡುವೆ ಅವೇಯ್ಟ್ ಹಾಕಿ ಸರ್ವರಿಗೆ ಹೋಗಿಬಂದು ಮತ್ತೆ ಕೇಳಿದರೆ ಅದು ನಲ್ ಆಗಿರುತ್ತದೆ. ಬೇಕಿದ್ದರೆ ಮೊದಲೇ ಒಂದು ಹೆಸರಿಗೆ ಹಾಕಿಟ್ಟುಕೊಳ್ಳಬೇಕು.

ಸಂಜೆ ಐದಕ್ಕೆ ರಿವ್ಯೂ. ಪರದೆಯ ಮೇಲೆ ಕೋಡು, ಕರೆಯಲ್ಲಿ ಪುಣೆಯ ಇಬ್ಬರು. ಕನ್ನಡದ ಹೆಸರುಗಳನ್ನು ಇಂಗ್ಲಿಷಿಗೆ ಬದಲಿಸಿ ಎಂಬ ಮಾತು ನಿರೀಕ್ಷೆಯಂತೆ ಬರುತ್ತದೆ, ಪುಣೆಯವರಿಗೆ ಓದಲಾಗುವುದಿಲ್ಲ ಎಂಬುದು ನ್ಯಾಯವೇ. ಅವರಲ್ಲೊಬ್ಬರು, ಈಗ ಯಾರು ದಿಸ್ ಬಳಸುತ್ತಾರೆ, ರಿಯಾಕ್ಟ್ ಹುಕ್ಸ್‌ನಲ್ಲಿ ಬರೆಯಬಹುದಿತ್ತಲ್ಲ ಎನ್ನುತ್ತಾರೆ. 2019ರ ಫೆಬ್ರುವರಿಯಲ್ಲಿ ಹುಕ್ಸ್ ಬಂದ ಮೇಲೆ ಹೊಸ ರಿಯಾಕ್ಟ್ ಕೋಡಿನಲ್ಲಿ ದಿಸ್ ಕಾಣುವುದೇ ಅಪರೂಪ, ಅದು ನಿಜ. ಆದರೆ ಗೇಟಿನ ಆ ಆ್ಯಪ್ ರಿಯಾಕ್ಟ್‌ನಲ್ಲಿಲ್ಲ. ಈ ಬೆಲ್ಟಿನ ಕಚೇರಿಗಳಲ್ಲಿ ಓಡುತ್ತಿರುವ ಎಷ್ಟೋ ಹಳೆಯ ಪುಟಗಳೂ ಅದರಲ್ಲಿಲ್ಲ, ಅವನ್ನು ರಿಪೇರಿ ಮಾಡುವವರು ಬೇಕು. ಲೀಡ್ ಇಷ್ಟನ್ನು ಇಂಗ್ಲಿಷಿನಲ್ಲಿ ಎರಡೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ.

ರಿವ್ಯೂ ದಾಟುತ್ತದೆ. ಕೀಲಿಮಣೆಯನ್ನು ಹಲವು ಸಲ ಮುಚ್ಚಿ ತೆರೆದ ಮೇಲೆ ಚೌಕಟ್ಟಿಗೆ ಇರುವ ಕ್ಲಿಕ್ ಹ್ಯಾಂಡ್ಲರ್ ಒಂದೇ.

ಯಾವ ದಾರಿ ಹಿಡಿಯಬೇಕು ಎಂದು ನನ್ನನ್ನು ಕೇಳಿದರೆ: ಹಚ್ಚಿ ತೆಗೆಯುವ ಕೆಲಸ ಇದ್ದರೆ ಹ್ಯಾಂಡಲ್‌ಈವೆಂಟ್, ಇಲ್ಲವೇ ಕನ್‌ಸ್ಟ್ರಕ್ಟರಿನಲ್ಲಿ ಒಂದೇ ಸಲ ಬೈಂಡ್ ಮಾಡಿಟ್ಟುಕೊಂಡ ಹೆಸರು. ಗಡಿಯಾರಕ್ಕೂ, ಒಳಗೊಳಗಿನ ಚಿಕ್ಕ ಕೆಲಸಕ್ಕೂ ಬಾಣ. ಹಚ್ಚುವ ಸಾಲಿನಲ್ಲೇ ಬೈಂಡ್ ಬರೆಯುವ ಅಭ್ಯಾಸವನ್ನು ಮಾತ್ರ ಬಿಡಿ. ನಿಮ್ಮ ಪುಟದ ಗುಂಡಿ ಒತ್ತಿದರೂ ಸುಮ್ಮನಿದೆಯೇ, ಒಂದು ಸಲ ಒತ್ತಿದರೆ ಎರಡು ಸಲ ಕೆಲಸ ಮಾಡುತ್ತಿದೆಯೇ? ಲೈಬ್ರರಿಯನ್ನೋ ಬ್ರೌಸರನ್ನೋ ದೂರುವ ಮೊದಲು ಹ್ಯಾಂಡ್ಲರಿನ ತಲೆಯ ಮೇಲೆ ದಿಸ್ ಮುದ್ರಿಸಿ ನೋಡಿ, ಆಮೇಲೆ ಗೆಟ್‌ಈವೆಂಟ್‌ಲಿಸನರ್ಸ್‌ನಿಂದ ಎಷ್ಟು ಹ್ಯಾಂಡ್ಲರ್ ಇವೆ ಎಂದು ಎಣಿಸಿ.